ಮುಖ ತೋರಿಸಲು ಒಂದು ಟ್ಯಾಬ್ಲೆಟ್

ನಾನು ಮನುಷ್ಯರಿಗೆ ಮೂಗು, ಕಿವಿ, ಕಣ್ಣು ಮಾಡಿಕೊಡುವವಳು. ಹೊಸದಾಗಿ ಪರಿಚಯವಾದವರಿಗೆ ಹೀಗೆ ಹೇಳಿದರೆ ಮೊದಲು ನಗುತ್ತಾರೆ. ನಾನು ನಗದೇ ಇರುವುದನ್ನು ನೋಡಿ ಆಮೇಲೆ ಸುಮ್ಮನಾಗುತ್ತಾರೆ. ನಾಗಪುರದ ಧಂತೋಲಿಯಲ್ಲಿ, ಆಸ್ಪತ್ರೆಗಳೇ ತುಂಬಿಕೊಂಡ ಒಂದು ಬೀದಿಯಲ್ಲಿ, ಎರಡನೇ ಮಹಡಿಯ ಮೇಲೆ ನಮ್ಮ ಕ್ಲಿನಿಕ್ಕು. ಬಾಯಿ ಕ್ಯಾನ್ಸರಿಗೆ ದವಡೆ ಕೊಟ್ಟವರು, ಬೆಂಕಿಗೆ ಕಿವಿ ಕೊಟ್ಟವರು, ಕೋವಿಡ್ಡಿನ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರಕ್ಕೆ ಕಣ್ಣು ಕೊಟ್ಟವರು ಇಲ್ಲಿಗೆ ಬರುತ್ತಾರೆ. ಆಪರೇಷನ್ ಮಾಡಿದವರು ಜೀವ ಉಳಿಸಿ ಕಳಿಸಿರುತ್ತಾರೆ. ಉಳಿದ ಗುಳಿಗೆ ನಾನು ಸಿಲಿಕೋನಿನಲ್ಲಿ ಮುಚ್ಚಳ ಮಾಡುತ್ತೇನೆ. ಮುಚ್ಚಳ ಎಂದರೆ ನಮ್ಮ ಡಾಕ್ಟರಿಗೆ ಆಗುವುದಿಲ್ಲ, ಕೃತಕ ಅಂಗ ಎನ್ನಬೇಕಂತೆ. ಬಂದವರನ್ನು ಪೇಶಂಟ್ ಎನ್ನಬಾರದಂತೆ, ಗ್ರಾಹಕರು ಎನ್ನಬೇಕಂತೆ. ಹೆಸರು ಬದಲಿಸಿದರೆ ಗುಳಿ ತುಂಬುತ್ತದೆಯೇ ಎಂದು ಕೇಳಿ ಒಮ್ಮೆ ಅವರ ಕೈಲಿ ಬೈಸಿಕೊಂಡಿದ್ದೇನೆ.

ಧಾರವಾಡದಿಂದ ಬರುವಾಗ ಸಾಮಾನಿನ ಜೊತೆ ಸಿಟ್ಟನ್ನೂ ಕಟ್ಟಿಕೊಂಡು ಬಂದವಳು ಎಂದು ನನ್ನ ಗಂಡ ಹೇಳುವುದುಂಟು. ಅವರು ವಾಯುಪಡೆಯಲ್ಲಿದ್ದವರು, ವರ್ಗಾವಣೆ ಇಲ್ಲಿಗೆ ತಂದಿತು, ನಿವೃತ್ತಿಯಾದ ಮೇಲೆ ಇಲ್ಲೇ ಉಳಿದುಬಿಟ್ಟೆವು. ಹಲ್ಲಿನ ಸೆಟ್ಟು ಮಾಡುವುದನ್ನು ಕಲಿತಿದ್ದ ನಾನು ನಿಧಾನವಾಗಿ ದವಡೆಗೆ, ದವಡೆಯಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿಗೆ ಏರಿದೆ. ಬಡ್ತಿ ಎಂದರೆ ಇದೇ.

ನಮ್ಮ ಕ್ಲಿನಿಕ್ಕಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಎಲ್ಲೂ ಕನ್ನಡಿ ಇಲ್ಲ. ಕನ್ನಡಿ ಅಷ್ಟೇ ಅಲ್ಲ, ಮುಖ ಕಾಣುವ ಯಾವ ವಸ್ತುವೂ ಇಲ್ಲ. ಕಿಟಕಿಯ ಗಾಜಿಗೆ ಬಿಳಿ ಕಾಗದ ಅಂಟಿಸಿದ್ದೇವೆ. ಸ್ಟೀಲಿನ ತಟ್ಟೆಗಳ ಮೇಲೆ ಬಟ್ಟೆ. ಕೈತೊಳೆಯುವ ನಲ್ಲಿ ತೀರ ಹೊಳೆಯುತ್ತದೆಂದು ಅದಕ್ಕೂ ಪ್ಲಾಸ್ಟರು ಸುತ್ತಿದ್ದೇವೆ. ಸೇರಿದ ಹೊಸತರಲ್ಲಿ ಇದನ್ನು ನೋಡಿ ನಾನು ಮೂಗು ಮುರಿದಿದ್ದೆ. ಆಮೇಲೆ, ಒಮ್ಮೆ ಪ್ಲಾಸ್ಟರು ಸಡಿಲಾಗಿ, ನಲ್ಲಿಯ ಬಾಗಿದ ಮೈಯಲ್ಲಿ ತನ್ನ ಅರ್ಧ ಮುಖ ಕಂಡ ಒಬ್ಬ ಹೆಂಗಸು ಕೈತೊಳೆಯುವುದನ್ನೇ ಮರೆತು ನಿಂತಿದ್ದನ್ನು ನೋಡಿದ ಮೇಲೆ ನಾನೇ ಪ್ಲಾಸ್ಟರು ಬಿಗಿಯಾಗಿದೆಯೇ ಎಂದು ನೋಡತೊಡಗಿದೆ. ಬಂದವರು ಮೊದಲು ನೋಡುವುದು ಬೇರೆಯವರ ಫೋಟೋಗಳನ್ನು. ಇಂಥವರು ಹೀಗೆ ಬಂದರು, ಈಗ ಹೀಗಿದ್ದಾರೆ ಎಂದು. ಅದನ್ನು ನೋಡಿ ಮನಸ್ಸು ಗಟ್ಟಿಯಾದ ಮೇಲೆ ಅಚ್ಚು ತೆಗೆಯುವುದು, ಮೇಣದಲ್ಲಿ ಕೊರೆಯುವುದು. ಕೊನೆಯಲ್ಲಿ ಎಲ್ಲ ಕೂಡಿಸಿ, ಅಂಚು ಮರೆಯಾಗಲೆಂದು ಕನ್ನಡಕ ಹಾಕಿದ ಮೇಲಷ್ಟೇ ಅಲಮಾರಿನಿಂದ ಕನ್ನಡಿ ಹೊರಗೆ ಬರುತ್ತದೆ.

ಆ ಫೋಟೋಗಳು ಬಹಳ ಕಾಲ ಒಂದು ಆಲ್ಬಮ್ಮಿನಲ್ಲಿದ್ದವು. ನಾಗಪುರದ ಬೇಸಿಗೆ ಯಾವುದನ್ನು ಬಿಟ್ಟಿದೆ? ಪ್ಲಾಸ್ಟಿಕ್ಕು ಫೋಟೋಗಳಿಗೆ ಅಂಟಿತು, ಮುಖಗಳೆಲ್ಲ ಕೆಂಪಾದವು. ಚರ್ಮ ಒಂದು ಕೆಂಪಿಗೆ ತಿರುಗಿದರೆ ನನ್ನ ಸಿಲಿಕೋನು ಇನ್ನೊಂದು ಕೆಂಪಿಗೆ ತಿರುಗಿತು. ದಿನಗಟ್ಟಲೆ ಕೂತು ಬಣ್ಣ ಹೊಂದಿಸಿದ ಕೆನ್ನೆ ಆಲ್ಬಮ್ಮಿನಲ್ಲಿ ತೇಪೆ ಹಾಕಿದಂತೆ ಕಾಣತೊಡಗಿತು. ಇತವಾರಿಯ ಒಬ್ಬ ಧಾನ್ಯದ ವ್ಯಾಪಾರಿ, ಖರ್ರಾ ಎಂಬ ಅಡಿಕೆ-ತಂಬಾಕು ಜಗಿದು ಜಗಿದು ದವಡೆ ಕಳೆದುಕೊಂಡವರು, ಎರಡು ಹಾಳೆ ತಿರುವಿ ಆಲ್ಬಮ್ಮು ಮುಚ್ಚಿದರು. ಮಾತು ಸರಿಯಾಗಿ ಬರುತ್ತಿರಲಿಲ್ಲ. ತೇಪೆ ಹಾಕಿಕೊಂಡು ಓಡಾಡುವುದಕ್ಕಿಂತ ಬಟ್ಟೆ ಕಟ್ಟಿಕೊಳ್ಳುವುದೇ ವಾಸಿ ಎಂದು ಮಗನ ಕೈಲಿ ಹೇಳಿಸಿ ಎದ್ದುಹೋದರು. ಮತ್ತೆ ಬರಲಿಲ್ಲ. ನನಗೆ ಆ ದಿನ ಊಟ ಸೇರಲಿಲ್ಲ. ಕೆಲಸ ಕೆಟ್ಟು ಅವರು ಹೋಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಒಳ್ಳೆಯ ಕೆಲಸ ಕೆಟ್ಟದಾಗಿ ಕಂಡು ಹೋದರು.

ಹಾಗೆ ಟ್ಯಾಬ್ಲೆಟ್ ತೆಗೆದುಕೊಳ್ಳುವ ಮಾತು ಬಂತು. ಡಾಕ್ಟರಿಗೆ ದೊಡ್ಡದು ಬೇಕು, ಹೊಳೆಯುವಂಥದ್ದು ಬೇಕು, ಗ್ರಾಹಕರು ಕೈಯಲ್ಲಿ ಹಿಡಿದ ಕೂಡಲೇ ವಿಶ್ವಾಸ ಹುಟ್ಟಬೇಕು. ನನಗೆ ಬೇಕಾಗಿದ್ದು ಒಂದೇ, ಬಣ್ಣದಲ್ಲಿ ಸುಳ್ಳು ಹೇಳದ ತೆರೆ. ಅದನ್ನು ಅಂಗಡಿಯಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಸಿಗುವುದಿಲ್ಲವೆಂದು ಗೊತ್ತಿತ್ತು. ಒಂದು ಸಿಲಿಕೋನಿನ ಮೂಗನ್ನು ಹಗಲ ಬೆಳಕಿನಲ್ಲಿ ಫೋಟೋ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಂಡೆ, ಮೂಗನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡೆ, ಸೀತಾಬರ್ಡಿ ಪೇಟೆಗೆ ಹೊರಟೆ. ಆ ಮೂಗು ಒಬ್ಬ ವಯಸ್ಸಾದವರಿಗೆಂದು ಮಾಡಿದ್ದು. ತಯಾರಾಗಿದೆ ಬನ್ನಿ ಎಂದು ಫೋನು ಮಾಡಿದಾಗ ಅವರ ಮಗ, ಇನ್ನು ಬೇಕಾಗಿಲ್ಲ ಮ್ಯಾಡಮ್, ಎಂದಷ್ಟೇ ಹೇಳಿದ. ಅಂದಿನಿಂದ ಅದು ನನ್ನ ಬಣ್ಣ ನೋಡುವ ಮಾದರಿ.

ಅಂಗಡಿಯ ಹುಡುಗ ಚುರುಕಾಗಿದ್ದ. ಒಂದೊಂದೇ ಟ್ಯಾಬ್ಲೆಟ್ಟು ಹೊತ್ತಿಸಿ ಹೂವು, ಹಕ್ಕಿ, ಸಮುದ್ರ ತೋರಿಸಿದ. ನನಗೆ ಸಮುದ್ರ ಬೇಡ, ನನ್ನ ಫೋಟೋ ಹಾಕು ಎಂದೆ. ಹಾಕಿದ. ಒಂದರಲ್ಲಿ ಮೂಗು ಗುಲಾಬಿಯಾಯಿತು, ಇನ್ನೊಂದರಲ್ಲಿ ಅರಿಸಿನ ಹಚ್ಚಿದ ಮದುಮಗಳದಾಯಿತು. ಮೂರನೆಯದನ್ನು ತೋರಿಸುವಾಗ ಅವನಿಗೆ ತುಂಬ ಹೆಮ್ಮೆ.

"ಮ್ಯಾಡಮ್, ಇದರಲ್ಲಿ ಯಾರ ಫೋಟೋ ಹಾಕಿದರೂ ಗೋರೇ ಕಾಣ್ತಾರೆ. ತಾನಾಗಿಯೇ ಬೆಳ್ಳಗೆ ಮಾಡುತ್ತೆ," ಎಂದ ಹಿಂದಿಯಲ್ಲಿ.

"ನನಗೆ ಗೋರೆ ಬೇಡಪ್ಪ, ಬರೋಬರ್ ಬೇಕು," ಎಂದೆ.

ಟ್ಯಾಬ್ಲೆಟ್ಟನ್ನು ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದು, ಡಬ್ಬಿ ತೆರೆದು, ಮೂಗನ್ನು ತೆರೆಯ ಪಕ್ಕಕ್ಕಿಟ್ಟೆ. ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದ ಹೆಂಗಸೊಬ್ಬಳು ತನ್ನ ಮಗುವನ್ನು ಎಳೆದುಕೊಂಡಳು. ಮ್ಯಾನೇಜರು ಬಂದು, ಬೇರೆ ಗಿರಾಕಿಗಳಿಗೆ ತೊಂದರೆಯಾಗುತ್ತದೆ, ದಯವಿಟ್ಟು ಡಬ್ಬಿ ಮುಚ್ಚಿ ಎಂದ. ಹತ್ತು ಗ್ರಾಮು ರಬ್ಬರು ಅದು. ಇದನ್ನು ಮುಖದ ಮೇಲೆ ಹಾಕಿಕೊಂಡ ಮನುಷ್ಯ ಬಂದಿದ್ದರೆ ಅವನನ್ನೂ ಮುಚ್ಚಿ ಎನ್ನುತ್ತಿದ್ದಿರಾ ಎಂದು ಕೇಳಿದೆ. ಮ್ಯಾನೇಜರು ಎಸಿ ಹೆಚ್ಚು ಮಾಡಲು ಹೋದ. ನಾನು ಅಲ್ಲಿಂದ ಕದಲಲಿಲ್ಲ. ಇದ್ದಬದ್ದ ಟ್ಯಾಬ್ಲೆಟ್ಟುಗಳನ್ನೆಲ್ಲ ಬಾಗಿಲಿಗೆ ತರಿಸಿ, ಅವುಗಳ ಬಣ್ಣದ ಚೆಲ್ಲಾಟವನ್ನೆಲ್ಲ ಸೆಟ್ಟಿಂಗಿನಲ್ಲಿ ಬಂದ್ ಮಾಡಿಸಿ, ಒಂದನ್ನು ಆರಿಸಿದೆ. ಅದರಲ್ಲಿ ಮೂಗು ಮೂಗಿನ ಹಾಗೇ ಇತ್ತು, ಸ್ವಲ್ಪ ಕಂದು, ಹೊಳ್ಳೆಯ ಬಳಿ ಸ್ವಲ್ಪ ಬೂದು, ಬಿಸಿಲು ತಿಂದು ಬದುಕಿದ ವಿದರ್ಭದ ಚರ್ಮ. ಡಾಕ್ಟರಿಗೂ ಖುಷಿಯಾಯಿತು, ಏಕೆಂದರೆ ಅದು ದೊಡ್ಡದೂ ಇತ್ತು, ಹೊಳೆಯುತ್ತಲೂ ಇತ್ತು.

ಆ ಟ್ಯಾಬ್ಲೆಟ್ಟನ್ನು ಮೊದಲು ಕೈಯಲ್ಲಿ ಹಿಡಿದವಳು ವಿಜಯಪುರದ ಕಡೆಯ ಒಬ್ಬ ಹೆಂಗಸು. ವರ್ಧಾ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ. ಗಂಡ ಮಿಹಾನಿನಲ್ಲಿ, ವಿಮಾನಗಳನ್ನು ರಿಪೇರಿಗೆ ನಿಲ್ಲಿಸುವ ಶೆಡ್ಡಿನಲ್ಲಿ ತಪಾಸಣೆಯ ಕೆಲಸದವನು. ಆಕೆಗೆ ಕೋವಿಡ್ ಬಂದು, ಸಕ್ಕರೆ ಏರಿ, ಆಮೇಲೆ ಕಪ್ಪು ಶಿಲೀಂಧ್ರ ಹಿಡಿದು, ಎಡಗಣ್ಣು, ರೆಪ್ಪೆ, ಹುಬ್ಬು, ಕೆನ್ನೆಯ ಮೂಳೆಯ ಒಂದು ಭಾಗ ಎಲ್ಲ ತೆಗೆದಿದ್ದರು. ಆ ನಂತರದ ವರ್ಷಗಳನ್ನೆಲ್ಲ ಬಿಳಿಯ ಪಟ್ಟಿ ಕಟ್ಟಿಕೊಂಡೇ ಕಳೆದಿದ್ದಳು. ನಾನು ಮರಾಠಿಯಲ್ಲಿ ಮಾತಾಡಿಸುತ್ತಿದ್ದೆ. ಕೈಯಿಂದ ಏನೋ ಜಾರಿ ಬಿದ್ದು ನಾನು "ಅಯ್ಯ ಶಿವನ" ಎಂದದ್ದು ಕೇಳಿ, ಆಕೆ ಕುರ್ಚಿಯಲ್ಲಿ ನೆಟ್ಟಗಾದಳು.

"ಕನ್ನಡದವರೇನ್ರಿ ನೀವು? ಮೊದಲ ಹೇಳಬಾರದ? ನಾ ಇಷ್ಟೊತ್ತು ಮರಾಠಿಯೊಳಗ ಒದ್ದಾಡಿ ಸತ್ತೆ."

ಅಂದಿನಿಂದ ನಮ್ಮಿಬ್ಬರ ನಡುವೆ ಕನ್ನಡವೇ. ತನಗೆ ಏನು ಬೇಕೆಂದು ಆಕೆ ಮೊದಲ ದಿನವೇ ಹೇಳಿಬಿಟ್ಟಳು. ಸುತ್ತಿ ಬಳಸಿ ಹೇಳುವ ಜಾತಿಯವಳಲ್ಲ.

"ನಾ ಚಂದ ಕಾಣಬೇಕಂತ ಏನೂ ಇಲ್ರಿ. ಅವರು ನನ್ನ ಮಾರಿ ನೋಡಬೇಕು, ಇಷ್ಟ. ಭಾಳ ಚಲೋ ಮನಷ್ಯಾ. ಔಷಧ ಕೊಡ್ತಾರ, ಊಟಕ್ಕ ನೀಡ್ತಾರ, ದವಾಖಾನಿಗೆ ಕರಕೊಂಡ ಬರ್ತಾರ. ಒಂದ ದಿನಾ ಬ್ಯಾಸರಾ ಮಾಡಿಕೊಂಡಿಲ್ಲ. ಆದ್ರ ನನ್ನ ಜೋಡಿ ಮಾತಾಡುವಾಗ ಗ್ವಾಡಿ ನೋಡ್ತಾರ. ಪಟ್ಟಿ ಬಿಚ್ಚಿದ ದಿನಾ ಒಮ್ಮೆ ನೋಡಿದ್ರು, ಅಷ್ಟ. ಮುಂದ ಮಾರಿ ನೋಡಿ ಮಾತಾಡಿದ್ದ ಇಲ್ಲ."

"ನೀವು ನೋಡಿಕೊಂಡೀರೇನು?" ಎಂದೆ.

"ಎಲ್ಲಿ? ಮನ್ಯಾಗಿನ ಕನ್ನಡಿ ಎಲ್ಲಾ ಅವರ ತಗದ ಒಗದಾರ. ನನಗ ಸಂಕಟ ಆಗಬಾರದಂತ."

ಹೇಳಿ ನಕ್ಕಳು. ನಗುವಾಗ ಪಟ್ಟಿ ಒಂದು ಕಡೆ ಎಳೆದುಕೊಳ್ಳುತ್ತಿತ್ತು. ಬೇಸಿಗೆ ಬಂದರೆ ತನಗೆ ಹಬ್ಬ ಇದ್ದಂತೆ ಎಂದಳು. ಏಕೆಂದರೆ ಬಿಸಿಲಿಗೆ ಹೆದರಿ ಈ ಊರಿನ ಹೆಣ್ಣುಮಕ್ಕಳೆಲ್ಲ ಓಢಣಿಯಿಂದ ಮುಖ ಸುತ್ತಿಕೊಂಡೇ ಓಡಾಡುತ್ತಾರೆ, ಅವರೊಳಗೆ ತಾನೂ ಒಬ್ಬಳು. ಮಳೆ ಬಿತ್ತೆಂದರೆ ಎಲ್ಲರೂ ಬಿಚ್ಚುತ್ತಾರೆ, ಆಗ ಮನೆಯಿಂದ ಹೊರಗೆ ಕಾಲಿಡಲು ಮನಸ್ಸಾಗುವುದಿಲ್ಲ.

ಅಚ್ಚು ತೆಗೆಯುವ ದಿನ ಆಕೆಯ ಪಟ್ಟಿ ಬಿಚ್ಚಿ ಗುಳಿಯನ್ನು ತೊಳೆದೆ. ಅಚ್ಚಿನ ಮಸಾಲೆ ಕಲಸಲು ಹೊತ್ತಾಗುತ್ತದೆ, ಅಷ್ಟರಲ್ಲಿ ನೋಡುತ್ತಿರಲಿ ಎಂದು ಹೊಸ ಟ್ಯಾಬ್ಲೆಟ್ಟನ್ನು ಕೈಗೆ ಕೊಟ್ಟೆ. ಡಾಕ್ಟರೂ ಅಲ್ಲೇ ನಿಂತಿದ್ದರು, ತಮ್ಮ ಹೊಸ ಆಟಿಕೆ ಹೇಗೆ ಕೆಲಸ ಮಾಡುತ್ತದೆಂದು ನೋಡಲು. ಆಕೆ ಬೆರಳಿನಿಂದ ಒಂದೊಂದೇ ಮುಖ ಸರಿಸಿದಳು. ಒಬ್ಬನ ಕಿವಿಯ ಹತ್ತಿರ ನಿಂತಳು, ಇದು ಖರೇದ್ದಲ್ಲೇನು ಎಂದಳು. ನನಗೆ ಹೆಮ್ಮೆಯಾಯಿತು. ಮಸಾಲೆ ಕಲಸುತ್ತ ಏನೋ ಮಾತಾಡುತ್ತಿದ್ದೆ. ಆಕೆ ಉತ್ತರ ಕೊಡುವುದು ನಿಂತಿತು.

ತಿರುಗಿ ನೋಡಿದರೆ ಟ್ಯಾಬ್ಲೆಟ್ಟು ತಾನಾಗಿ ಆರಿಹೋಗಿತ್ತು. ಆಕೆಯ ಮಡಿಲಲ್ಲಿ ಒಂದು ಕಪ್ಪು ಗಾಜು, ಕಿಟಕಿಯ ಬೆಳಕು ಸರಿಯಾಗಿ ಮುಖದ ಮೇಲೆ, ಗಾಜಿನಲ್ಲಿ ಪಟ್ಟಿಯಿಲ್ಲದ ಮುಖ.

ನಲ್ಲಿಗೆ ಪ್ಲಾಸ್ಟರು ಸುತ್ತಿದ ಜಾಣರು ನಾವು. ಕಿಟಕಿಗೆ ಕಾಗದ ಅಂಟಿಸಿದವರು. ಮಾರುಕಟ್ಟೆಯೆಲ್ಲ ಅಲೆದು, ಇಡೀ ಕ್ಲಿನಿಕ್ಕಿನಲ್ಲೇ ದೊಡ್ಡ ಕನ್ನಡಿಯನ್ನು ತಂದು, ಪಟ್ಟಿ ಬಿಚ್ಚಿ, ಕೈಗೇ ಕೊಟ್ಟಿದ್ದೆವು. ಡಾಕ್ಟರಿಗಾಗಲಿ ನನಗಾಗಲಿ ಹೊಳೆದಿರಲಿಲ್ಲ, ಏಕೆಂದರೆ ನಾವು ಅದನ್ನು ಉರಿಯುವಾಗ ಮಾತ್ರ ನೋಡಿದ್ದೆವು, ಮತ್ತು ನಮ್ಮ ಮುಖ ಕಂಡರೆ ನಮಗೆ ಕಂಡಂತೆಯೇ ಅನಿಸುವುದಿಲ್ಲ. ಡಾಕ್ಟರು ಕೈ ಚಾಚಿ ಟ್ಯಾಬ್ಲೆಟ್ಟು ತೆಗೆದುಕೊಳ್ಳಲು ಹೋದರು. ಆಕೆ ಕೊಡಲಿಲ್ಲ.

ಅಳಲೂ ಇಲ್ಲ. ತಲೆಯನ್ನು ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಹಿಂಗೈತೇನು," ಎಂದಳು ಕೊನೆಗೆ. "ಪಾಪ, ಇದನ್ನ ಅವರೊಬ್ಬರ ಇಟ್ಟುಕೊಂಡ ಕುಂತಾರ, ಇಷ್ಟ ದಿನಾ."

ಆಕೆಗೆ ತನ್ನ ಮೇಲೆ ಮರುಕ ಬರಲಿಲ್ಲ, ಗಂಡನ ಮೇಲೆ ಬಂತು. ಅದು ನನಗೆ ತಡೆಯಲಾಗಲಿಲ್ಲ. ಮಸಾಲೆ ಗಟ್ಟಿಯಾಗಿ ಹೋಯಿತು, ಚೆಲ್ಲಿ ಮತ್ತೆ ಕಲಸಿದೆ.

ಆಮೇಲೆ ಡಾಕ್ಟರೂ ನಾನೂ ಜಗಳವಾಡಿದೆವು. ತೆರೆಯ ಮೇಲೆ ಹೊಳಪು ಕೊಲ್ಲುವ ಹಾಳೆ ಅಂಟಿಸಬೇಕೆಂದು ಅವರು, ಅಂಟಿಸಿದರೆ ಬಣ್ಣ ಸಾಯುತ್ತದೆಂದು ನಾನು. ಅವರೇ ಗೆದ್ದರು, ಅಂಟಿಸಿಕೊಂಡು ಬಂದರು. ಎಲ್ಲ ಮುಖಗಳೂ ಬೂದಿ ಬಳಿದಂತಾದವು. ಮುಂದಿನ ಸಲ ಮೇಣದ ಕಣ್ಣು ಕೂಡಿಸಿ ನೋಡಲು ಬಂದಾಗ ಆಕೆಯೇ ಕೇಳಿದಳು, ಇವರೆಲ್ಲ ಯಾಕ ಹೆಣ ಆಗ್ಯಾರ ಎಂದು. ಕಾರಣ ಹೇಳಿದೆ. ತಗೀರಿ ಅದನ್ನ, ನಾ ನೋಡೂದು ನೋಡೇನಿ, ಎಂದಳು. ಡಾಕ್ಟರು ಊಟಕ್ಕೆ ಹೋಗಿದ್ದರು. ಉಗುರಿನಿಂದ ಮೂಲೆ ಎಬ್ಬಿಸಿ ಹಾಳೆಯನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ತೆರೆ ಆರದಂತೆ ಸೆಟ್ಟಿಂಗು ಬದಲಿಸಿ, ಇನ್ನು ಮೇಲೆ ಇದು ನನ್ನ ಕೈಯಲ್ಲೇ ಇರುತ್ತದೆ, ಬಂದವರ ಕೈಗೆ ಕೊಡುವುದಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಕ್ಲಿನಿಕ್ಕು ಶಾಂತವಾಗಿತ್ತು.

ಹಾಳೆ ಕಿತ್ತ ದಿನವೇ ಆಕೆ ಮತ್ತೊಮ್ಮೆ ಎಲ್ಲ ಫೋಟೋಗಳನ್ನು ನೋಡಿದಳು. ನಾನು ಹಿಡಿದುಕೊಂಡು ಕೂತಿದ್ದೆ. ಈ ಸಲ ಆಕೆ ನೋಡುತ್ತಿದ್ದುದು ಕಣ್ಣು ಕಿವಿಗಳನ್ನಲ್ಲ.

"ಇವರ ಜೋಡಿ ಯಾರೂ ಇಲ್ಲೇನ್ರಿ?"

ಅರ್ಥವಾಗಲಿಲ್ಲ. ಆಕೆ ತೋರಿಸಿದಳು. ನೀಲಿ ಬಟ್ಟೆಯ ಮುಂದೆ ಒಬ್ಬ. ನೀಲಿ ಬಟ್ಟೆಯ ಮುಂದೆ ಒಬ್ಬಳು. ಮುಂದಿನದೂ ಹಾಗೇ. ನಮ್ಮಲ್ಲಿ ಫೋಟೋ ತೆಗೆಯುವ ರೀತಿಯೇ ಅದು, ಮುಖ ಒಂದೇ ಬೇಕು, ಹಿಂದೆ ನೀಲಿ ಬಟ್ಟೆ ಬೇಕು ಎಂದೆ.

"ಅದು ಖರೆ. ಆದ್ರ ಒಂದರೊಳಗರ ಬಾಜೂಕ ಯಾರರ ನಿಂತಿದ್ದು ತೋರಸ್ರಿ. ಹಾಕ್ಕೊಂಡ ಮ್ಯಾಲ ಬಾಜೂಕ ನಿಲ್ತಾರೋ ಇಲ್ಲೋ ತಿಳೀಬೇಕಲ್ಲ."

ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಹುಡುಕಿ ತೋರಿಸುತ್ತೇನೆ ಎಂದೆ. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಹಳಬರಿಗೆ ಕೆಲವರಿಗೆ ಫೋನು ಮಾಡಿ, ಮನೆಯವರ ಜೊತೆ ತೆಗೆಸಿಕೊಂಡ ಫೋಟೋ ಇದ್ದರೆ ಕಳಿಸಿ ಎಂದು ಕೇಳಿದೆ. ಒಬ್ಬರು ತಂಗಿಯ ಮದುವೆಯ ಫೋಟೋ ಕಳಿಸಿದರು. ಸಾಲಿನ ತುದಿಯಲ್ಲಿ ನಿಂತಿದ್ದರು, ನಾನು ಮಾಡಿದ ಕೆನ್ನೆ ಚೌಕಟ್ಟಿನ ಹೊರಗೆ ಹೋಗಿತ್ತು. ಕಾಮಠಿಯ ಇನ್ನೊಬ್ಬರು, ಮನೆಯಲ್ಲಿ ಈಗ ಎಲ್ಲ ಫೋಟೋಗಳನ್ನೂ ನಾನೇ ತೆಗೆಯುತ್ತೇನೆ ಮ್ಯಾಡಮ್, ಎಂದರು. ಇನ್ನು ಯಾರಿಗೂ ಫೋನು ಮಾಡಲು ನನಗೆ ಧೈರ್ಯ ಬರಲಿಲ್ಲ. ಆಕೆ ಮತ್ತೆ ಬಂದಾಗ, ಸಿಗಲಿಲ್ಲ, ನಿಮ್ಮದನ್ನೇ ತೆಗೆಯೋಣ, ನಿಮ್ಮವರು ಬಾಜೂಕ ನಿಲ್ಲಲಿ, ಮೊದಲನೆಯದು ಅದೇ ಆಗಲಿ ಎಂದೆ. ಆಕೆ ಹೂಂ ಎಂದಳು. ಆ ಹೂಂ ಕೇಳಿ ನನಗೆ ಒಳಗೊಳಗೇ ಹೆದರಿಕೆಯಾಯಿತು.

ಗಂಡನನ್ನು ನಾನು ಹತ್ತಿರದಿಂದ ಕಂಡದ್ದು ಬಣ್ಣ ಹಾಕುವ ದಿನಗಳಲ್ಲಿ. ಆಕೆಯ ಹಳೆಯ ಫೋಟೋ ಬೇಕಿತ್ತು, ತಂದಿದ್ದ. ಒಳಗೆ ಬರಲಿಲ್ಲ, ಹೊರಗಿನ ಬೆಂಚಿನ ಬಳಿ ನಿಂತೇ ಫೋನು ತೋರಿಸಿದ. ಕಂಪನಿಯ ಗುರುತಿನ ಪಟ್ಟಿ ಇನ್ನೂ ಕೊರಳಲ್ಲಿತ್ತು, ಕ್ಯಾಬಿನಿಂದ ಇಳಿದು ನೇರ ಬಂದಿದ್ದ. ಫೋಟೋ ಮಬ್ಬಾಗಿದೆ ಎಂದೆ. ಆಗ ಬಾಯಿಂದ ಹೇಳತೊಡಗಿದ. ಎಡಹುಬ್ಬು ಬಲಹುಬ್ಬಿಗಿಂತ ಒಂದು ಎಳೆಯಷ್ಟು ಮೇಲೈತಿ. ಹುಬ್ಬಿನ ಬಾಲ ಅರ್ಧಕ್ಕ ನಿಂತೈತಿ. ಕಣ್ಣಿನ ಕೆಳಗ ಸಿಡುಬಿನ ಒಂದು ಸಣ್ಣ ಕಲೆ, ಸಾಸಿವಿ ಕಾಳಷ್ಟು. ನಕ್ಕರ ಅದು ಗೆರಿಯೊಳಗ ಅಡಗತೈತಿ. ಹೇಳುವಾಗ ಗೋಡೆಯನ್ನೇ ನೋಡುತ್ತಿದ್ದ, ಅಲ್ಲಿ ಬರೆದಿಟ್ಟದ್ದನ್ನು ಓದುವವನ ಹಾಗೆ. ಹೆಂಡತಿಯನ್ನು ಇಷ್ಟು ಚೆನ್ನಾಗಿ ನೋಡಿಟ್ಟುಕೊಂಡ ಗಂಡಸನ್ನು ನಾನು ಬೇರೆ ಕಂಡಿಲ್ಲ. ಅಲ್ಲಿಯವರೆಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು. ಆತ ಹೇಳಿದ್ದನ್ನೆಲ್ಲ ಮಾಡಿದೆ. ಕಲೆಯನ್ನೂ ಮಾಡಿದೆ. ರೆಪ್ಪೆಯ ಕೂದಲನ್ನು ಒಂದೊಂದಾಗಿ ನೆಟ್ಟೆ. ಆಕೆಯ ಬಲಗಣ್ಣನ್ನು ಎದುರಿಗಿಟ್ಟುಕೊಂಡು ಎಡಗಣ್ಣಿನ ಪಾಪೆಗೆ ಬಣ್ಣ ಬಳಿದೆ, ಅಂಚಿನಲ್ಲಿ ಕಾಕಂಬಿಯ ಬಣ್ಣದ ಒಂದು ಉಂಗುರವಿತ್ತು, ಅದೂ ಬಂತು. ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಕಣ್ಣು ಮಾಡಿಲ್ಲ.

ಕೂಡಿಸುವ ದಿನ ಮೋಡವಿತ್ತು, ಬಣ್ಣ ನೋಡಲು ಒಳ್ಳೆಯ ಬೆಳಕು. ಅಂಟು ಹಚ್ಚಿ, ಒತ್ತಿ ಹಿಡಿದು, ಅಂಚು ಮುಚ್ಚುವಂತೆ ಕನ್ನಡಕ ಹಾಕಿದೆ. ಅಲಮಾರಿನಿಂದ ಕನ್ನಡಿ ತಂದೆ. ಆಕೆ ನೋಡಿಕೊಂಡಳು, ಕೆನ್ನೆ ಮುಟ್ಟಿಕೊಂಡಳು. ನಾನ ಕಂಡಂಗ ಕಾಣತೈತಿ, ಎಂದಳು. ಅವರನ್ನ ಕರೀರಿ.

ಆತ ಒಳಗೆ ಬಂದ. ಬಾಗಿಲಲ್ಲಿ ನಿಂತು ನೆಲ ನೋಡಿದ, ಆಮೇಲೆ ತಲೆಯೆತ್ತಿದ. ನೋಡಿದ.

ನಾವಿಬ್ಬರೂ ಕಾದಿದ್ದದ್ದು ಅದಕ್ಕೇ. ಆತನ ಮುಖ ಸಡಿಲವಾಯಿತು. ಹತ್ತಿರ ಬಂದು, ಬಾಗಿ, ಹುಬ್ಬಿನಿಂದ ಕೆನ್ನೆಯವರೆಗೆ ಅಂಚಿನ ಗುಂಟ ಕಣ್ಣಾಡಿಸಿದ, ಶೆಡ್ಡಿನಲ್ಲಿ ರೆಕ್ಕೆಯ ಬಿರುಕು ಹುಡುಕುವಾಗ ಹೀಗೇ ನೋಡುತ್ತಾನೇನೋ. "ಗೆರಿ ಎಲ್ಲೂ ಕಾಣವಲ್ದು," ಎಂದ. "ಕಲೀನೂ ಮಾಡ್ಯಾರ." ನಕ್ಕ. ಆಕೆಯ ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಎಡಗಣ್ಣು ನಾನು ಮಾಡಿದ್ದು, ಅದಕ್ಕೆ ಅಳು ಬರುವುದಿಲ್ಲ. ಆತ ನೋಡುತ್ತಿದ್ದುದು ಎಡಗಣ್ಣನ್ನು. ಆಕೆ ಮುಖವನ್ನು ಸ್ವಲ್ಪ ತಿರುಗಿಸಿ ಬಲಗಣ್ಣನ್ನು ಆತನ ಎದುರಿಗೆ ತಂದಳು. ಆತನ ನೋಟ ಮತ್ತೆ ಎಡಕ್ಕೇ ಸರಿಯಿತು. ಆಕೆ ಇನ್ನೊಮ್ಮೆ ತಿರುಗಿಸಿದಳು. ಮತ್ತೆ ಹಾಗೇ ಆಯಿತು. ಮೂರನೆಯ ಸಲ ಆಕೆ ತಿರುಗಿಸಲಿಲ್ಲ.

ನಾನು ಕಂಡೂ ಕಾಣದವಳಂತೆ ಫೋಟೋದ ಗಡಿಬಿಡಿ ಮಾಡಿದೆ. ನೀಲಿ ಬಟ್ಟೆಯ ಮುಂದೆ ಇಬ್ಬರನ್ನೂ ಕೂರಿಸಿದೆ. ಆತ ತಾನಾಗಿಯೇ ಆಕೆಯ ಎಡಗಡೆಗೆ ಬಂದ. ಫೋಟೋ ಚೆನ್ನಾಗಿ ಬಂತು. ಟ್ಯಾಬ್ಲೆಟ್ಟಿಗೆ ಹಾಕಿ, ನನ್ನದೇ ನಿಯಮ ಮುರಿದು, ಆತನ ಕೈಗೆ ಕೊಟ್ಟೆ. ಆತ ಕುರ್ಚಿಯಲ್ಲಿ ಕೂತು ನೋಡತೊಡಗಿದ.

ಇನ್ನು ಉಳಿದದ್ದು ಜೋಪಾನದ ಮಾತು. ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಎಣ್ಣೆ ಮುಟ್ಟಿಸಬೇಡಿ, ಒಲೆಯ ಝಳಕ್ಕೆ ಹತ್ತಿರ ಹೋಗಬೇಡಿ, ರಾತ್ರಿ ಮಲಗುವ ಮುಂಚೆ ತೆಗೆದು, ತೊಳೆದು, ಈ ಡಬ್ಬಿಯಲ್ಲಿಡಿ.

"ರಾತ್ರಿ ತಗೀಲೇಬೇಕೇನ್ರಿ?" ಆತ ಕೇಳಿದ.

"ತಗೀಬೇಕು. ಇಲ್ಲಾಂದರೆ ಒಳಗಿನ ಚರ್ಮ ಕೊಳೆಯುತ್ತದೆ."

"ಒಂದೊಂದ ರಾತ್ರಿ ಬಿಟ್ರ?"

"ಇಲ್ಲ. ದಿನಾಲೂ ತೆಗೀಬೇಕು."

ಆತ ತಲೆಯಾಡಿಸಿದ. ಆಕೆ ನನ್ನನ್ನು ನೋಡಿದಳು. ಆ ನೋಟ ನನಗೆ ಇವತ್ತಿಗೂ ಬೇಡವಾಗಿದೆ.

"ತಗಿಯೂದು ಹೆಂಗಂತ ಅವರಿಗೂ ತೋರಸ್ರಿ," ಎಂದಳು.

ಮನೆಯವರೊಬ್ಬರಿಗೆ ಕಲಿಸಿಯೇ ಕಳಿಸುವುದು ನಮ್ಮ ಪದ್ಧತಿ. ಆದರೆ ನಾನು ಕೈ ಮುಂದೆ ಮಾಡಿದಾಗ ಆಕೆ ತಡೆದಳು. ತಾನೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ನಾನು ಹೇಳಿಕೊಟ್ಟಂತೆಯೇ ಹೆಬ್ಬೆರಳಿನಿಂದ ಕೆಳಗಿನ ಅಂಚನ್ನು ನಿಧಾನವಾಗಿ ಎಬ್ಬಿಸಿ, ಕಣ್ಣನ್ನು ಬಿಡಿಸಿ, ಡಬ್ಬಿಯಲ್ಲಿಟ್ಟಳು. ಹುಬ್ಬೂ ಹೋಯಿತು, ಕಲೆಯೂ ಹೋಯಿತು. ಕುರ್ಚಿಯನ್ನು ಗಂಡನ ಕಡೆಗೆ ತಿರುಗಿಸಿಕೊಂಡು ಕೂತಳು.

"ನೋಡ್ರಿ," ಎಂದಳು. ಮೆಲ್ಲಗೇ ಹೇಳಿದಳು.

ಆತ ಟ್ಯಾಬ್ಲೆಟ್ಟಿನ ಮೇಲೆ ಬಾಗಿದ್ದ. ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ, ಆಕೆಯ ಎಡಗಣ್ಣು ತೆರೆಯ ತುಂಬ ಬರುವವರೆಗೆ. "ಬಣ್ಣಾ ಬರೋಬರ್ ಬಂದೈತಿ," ಎಂದ.

ಅದನ್ನು ಕಸಿದುಕೊಂಡು ಎರಡನೇ ಮಹಡಿಯಿಂದ ಬೀದಿಗೆ ಎಸೆಯಬೇಕೆನಿಸಿತು ನನಗೆ. ಬಣ್ಣ ಬರೋಬರ್ ಬರಬೇಕೆಂದು ಊರೆಲ್ಲ ಅಲೆದವಳು ನಾನೇ. ಸುಳ್ಳು ಹೇಳುವಂಥದ್ದನ್ನು ತಂದಿದ್ದರೆ, ಗುಲಾಬಿ ಮಾಡುವಂಥದ್ದನ್ನೋ ಬೂದಿ ಮಾಡುವಂಥದ್ದನ್ನೋ, ಆತ ಬೇಸತ್ತು ಒಮ್ಮೆಯಾದರೂ ತಲೆ ಎತ್ತುತ್ತಿದ್ದನೇನೋ. ಹಾಗೂ ಆಗುತ್ತಿರಲಿಲ್ಲವೇನೋ. ಆತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು, ಎರಡು ಮಾತು ಬೈದು ಕಳಿಸುತ್ತಿದ್ದೆ.

"ಇಲ್ಲಿ, ಇಲ್ಲಿ ನೋಡ್ರಿ," ಎಂದಳು ಆಕೆ ಇನ್ನೊಮ್ಮೆ.

ಆತ ತಲೆ ಎತ್ತಿದ. ನನ್ನ ಕಡೆ ನೋಡಿದ.

"ಈ ಫೋಟೋ ನನ್ನ ಫೋನಿಗೆ ಕಳಸ್ತೀರೇನ್ರಿ?" ಎಂದು ಕೇಳಿದ.

ಕಳಿಸುತ್ತೇನೆ ಎಂದೆ. ಆತ ನಂಬರು ಹೇಳತೊಡಗಿದ, ನಾನು ಒತ್ತತೊಡಗಿದೆ. ಆಕೆ ಇನ್ನೂ ಆತನ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಳು.